ಆರನೇ ಹಲ್ಲು

"ಇಪ್ಪತ್ತು," ಎಂದರು ಲೆಕ್ಕದ ಟೀಚರ್.

"ಇನ್ನೊಂದ್ಸಲ ನೋಡಿ ಮೇಡಂ. ಆಕ್ಸಿಲರೇಟರ್ ಅಲ್ಲಾಡದ ಹಾಗೆ ಹಿಡ್ಕೊಂಡಿದೀನಿ."

"ನೀವು ಹಿಡ್ಕೊಂಡ್ರೂ ಇಪ್ಪತ್ತು, ಬಿಟ್ಟು ಹಿಡ್ಕೊಂಡ್ರೂ ಇಪ್ಪತ್ತು. ಇದೇನು ನಮ್ಮ ಮಕ್ಕಳ ಪೇಪರಾ, ಎರಡನೇ ಸಲ ನೋಡಿದ್ರೆ ಎರಡು ಮಾರ್ಕು ಜಾಸ್ತಿ ಬರೋಕೆ?"

ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿದ. ಟೀಚರ್ ಬೈಕಿನ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎಂಜಿನ್ ಹೊಟ್ಟೆಯಿಂದ ಹೊರಬಂದ ಎರಡು ಹಳದಿ ತಂತಿಗಳ ತುದಿಗೆ ಮೀಟರಿನ ಮೊನೆಗಳನ್ನು ಒತ್ತಿ ಹಿಡಿದಿದ್ದರು. ಎಂಜಿನ್ ನಿಂತ ಮೇಲೂ ಅವರು ಕೈ ತೆಗೆಯಲಿಲ್ಲ, ಸೊನ್ನೆಗೆ ಇಳಿದ ಅಂಕಿಯನ್ನೇ ನೋಡುತ್ತ ಕೂತರು.

ಬೈಕಿಗೆ ಇಪ್ಪತ್ತಾರು ವರ್ಷ. ಅದರ ಮೇಲೆಯೇ ಟೀಚರ್ ದಿನವೂ ಮೂವತ್ತು ಕಿಲೋಮೀಟರ್ ದೂರದ ಸ್ಕೂಲಿಗೆ ಹೋಗಿಬರುತ್ತಿದ್ದರು. ದಾರಿಯಲ್ಲಿ ಒಂದು ಗುಡ್ಡ. ಬೆಳಗಿನ ಮಂಜಿಗೆ ಲೈಟು ಹಾಕಲೇಬೇಕು. ಲೈಟು ಹಾಕಿದ ನಾಲ್ಕನೇ ದಿನಕ್ಕೆ ಬ್ಯಾಟರಿ ಮಲಗುತ್ತಿತ್ತು. ಎಂಟು ತಿಂಗಳಿಂದ ಇದೇ ಗೋಳು. ಮೆಕ್ಯಾನಿಕ್ ಮೊದಲು ಬ್ಯಾಟರಿ ಬದಲಿಸಿದ. ಅದೂ ಮಲಗಿದಾಗ ಬ್ಯಾಟರಿ ಅಂಗಡಿಯವನ ಜೊತೆ ಜಗಳವಾಡಿ ಇನ್ನೊಂದು ತಂದ. ಕರೆಂಟನ್ನು ಅಳತೆಗೆ ತಂದು ಬ್ಯಾಟರಿಗೆ ಕೊಡುವ ರೆಗ್ಯುಲೇಟರ್ ಬದಲಿಸಿದ. ಎಲ್ಲ ಜಾಯಿಂಟುಗಳನ್ನೂ ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದ. ಏನು ಮಾಡಿದರೂ ಬ್ಯಾಟರಿಗೆ ದಿನಾ ಅರ್ಧ ಹೊಟ್ಟೆಯೇ. ಹುಟ್ಟುವ ಕಡೆಯೇ ಕರೆಂಟು ಕಡಿಮೆ ಹುಟ್ಟುತ್ತಿದೆ ಎಂದು ತಿಳಿಯಲು ಈ ಸೋಮವಾರ ಬರಬೇಕಾಯಿತು.

ಅದೇ ಮಾಡೆಲ್ಲಿನ ಇನ್ನೊಂದು ಬೈಕು ಶೆಡ್ಡಿನಲ್ಲಿತ್ತು. ಪೇಪರ್ ಹಾಕುವವನದು. ಅದಕ್ಕೆ ಮೀಟರ್ ಹಿಡಿದರೆ ಮೂವತ್ತು ವೋಲ್ಟ್ ಬರುತ್ತಿತ್ತು. ಕರೆಂಟು ಹುಟ್ಟಿಸುವ ಕಾಯಿಲಿನ ಸುತ್ತ ತಿರುಗುವ ಮ್ಯಾಗ್ನೆಟ್ಟಿನ ಶಕ್ತಿ ಕುಂದಿರಬಹುದು ಎಂದು ಮೆಕ್ಯಾನಿಕ್ ಎರಡು ಬೈಕಿನ ಮ್ಯಾಗ್ನೆಟ್ಟನ್ನೂ ಅದಲುಬದಲು ಮಾಡಿ ನೋಡಿದ. ಅದರದ್ದು ಮೂವತ್ತೇ, ಇದರದ್ದು ಇಪ್ಪತ್ತೇ.

"ಹಾಗಾದ್ರೆ ಉಳಿದಿದ್ದು ಕಾಯಿಲ್," ಎಂದರು ಟೀಚರ್.

"ಅಲ್ಲ."

"ಯಾಕಲ್ಲ?"

"ಎಂಟು ತಿಂಗಳ ಹಿಂದೆ ಸುಟ್ಟಾಗ ಅದನ್ನ ಸುತ್ತಿದ್ದು ನಮ್ಮ ಭಾವ."

ಟೀಚರ್ ಜೋರಾಗಿ ನಕ್ಕರು. "ಇದು ಯಾವ ಪ್ರಮೇಯ ರೀ? ನಾನು ಇಷ್ಟು ವರ್ಷ ಪಾಠ ಮಾಡಿದೀನಿ, ಇದೊಂದನ್ನ ಎಲ್ಲೂ ಓದಿಲ್ಲ."

ಮೆಕ್ಯಾನಿಕ್ ನಗಲಿಲ್ಲ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಭಾವ. ಎರಡು ಬೀದಿ ಆಚೆ ಅವರ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನ ತಂತಿ ಬಿಚ್ಚಿ ಹೊಸದಾಗಿ ತಾಮ್ರ ಸುತ್ತಿಕೊಡುವ ಕೆಲಸ. ಊರಿಗೆ ನೀರು ಎತ್ತುವ ಪಂಪುಗಳು ಕೆಟ್ಟರೆ ವಾಟರ್ ವರ್ಕ್ಸಿನವರು ಬೇರೆ ಎಲ್ಲೂ ಕೊಡುತ್ತಿರಲಿಲ್ಲ. ಆದರೆ ಈಗ ಹೊಸ ಎಂಜಿನಿಯರ್ ಬಂದಿದ್ದ. 'ಆ ಮುದುಕನ ಕೆಲಸದಲ್ಲಿ ಒಂದೇ ಒಂದು ತಪ್ಪು ಸಿಗಲಿ, ಮಾರನೇ ದಿನವೇ ಎಲ್ಲ ಪಂಪನ್ನೂ ಕಂಪನಿಗೆ ಕಳಿಸ್ತೀನಿ' ಎಂದು ಅವನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ. ಪಂಪು ಹೋದರೆ ಅಂಗಡಿಯಲ್ಲಿ ಉಳಿಯುವುದು ಮಿಕ್ಸಿ ಮತ್ತು ಫ್ಯಾನು. ಅದರಲ್ಲಿ ಅಕ್ಕ ಭಾವನ ಜೀವನ ನಡೆಯುವ ಹಾಗಿರಲಿಲ್ಲ. ಭಾವನ ಕೈಯಲ್ಲಿ ತಪ್ಪಾಗಿದೆ ಎಂಬ ಮಾತು ತನ್ನ ಶೆಡ್ಡಿನಿಂದಲೇ ಹೊರಟರೆ?

"ಮೀಟರ್ ಹಾಕಿದೀನಿ ಮೇಡಂ," ಎಂದ ಅವನು. "ತಂತಿ ಎಲ್ಲೂ ತುಂಡಾಗಿಲ್ಲ, ಕಬ್ಬಿಣಕ್ಕೆ ಎಲ್ಲೂ ತಗಲಿಲ್ಲ. ಅಳತೆ ಆ ಬೈಕಿಂದು ಎಷ್ಟೋ ಇದರದ್ದೂ ಅಷ್ಟೇ. ಇನ್ನೇನು ತಪ್ಪು ಇರೋಕೆ ಸಾಧ್ಯ?"

"ಒಳಗಡೆ ಹೇಗಿರುತ್ತೆ ಅದು? ತೋರಿಸಿ."

ಅವನು ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಮ್ಯಾಗ್ನೆಟ್ ಎಳೆದು ತೆಗೆದು, ಕಾಯಿಲ್ ಪ್ಲೇಟನ್ನು ಟೀಚರ್ ಅಂಗೈ ಮೇಲೆ ಇಟ್ಟ. ಬಳೆಯಂಥ ಒಂದು ಕಬ್ಬಿಣ, ಅದರಿಂದ ಹೊರಕ್ಕೆ ಚಾಚಿದ ಆರು ಗಿಡ್ಡ ಹಲ್ಲುಗಳು. ಒಂದೇ ತಾಮ್ರದ ತಂತಿ ಮೊದಲ ಹಲ್ಲಿನಿಂದ ಆರನೆಯದರವರೆಗೆ ಸುತ್ತಿಕೊಂಡು ಹೋಗಿತ್ತು. ಮೇಲೆ ದಾರದ ಕಟ್ಟು, ಅದರ ಮೇಲೆ ವಾರ್ನಿಷ್.

"ಆರು," ಎಂದು ಟೀಚರ್ ಎಣಿಸಿದರು. "ಮೂವತ್ತನ್ನ ಆರರಿಂದ ಭಾಗಿಸಿದ್ರೆ ಹಲ್ಲಿಗೆ ಐದು. ನಮಗೆ ಬರ್ತಿರೋದು ಇಪ್ಪತ್ತು. ನಾಲ್ಕು ಹಲ್ಲಿನ ಕೆಲಸ. ಸುಮಾರು ಇಪ್ಪತ್ತಲ್ಲ, ಸರಿಯಾಗಿ ಇಪ್ಪತ್ತು. ಇದು ಬಲಹೀನತೆ ಅಲ್ಲ ರೀ, ಇದು ಲೆಕ್ಕ. ಎರಡು ಹಲ್ಲು ಸತ್ತಿವೆ."

"ಸತ್ತಿದ್ರೆ ಮೀಟರಲ್ಲಿ ಗೊತ್ತಾಗ್ತಿತ್ತಲ್ಲ. ತಂತಿ ಪೂರ್ತಿ ಇದೆ ಅಂತ ತೋರಿಸ್ತಿದೆ."

"ಬದುಕಿವೆ, ಆದ್ರೆ ಕೆಲಸ ಮಾಡ್ತಿಲ್ಲ. ನಮ್ಮ ಸ್ಟಾಫ್ ರೂಮಲ್ಲೂ ಇಬ್ಬರಿದ್ದಾರೆ." ಟೀಚರ್ ಕೈ ಕೊಡವಿ ಎದ್ದರು. "ನಾಳೆ ಬಸ್ಸಲ್ಲಿ ಹೋಗ್ತೀನಿ. ನೀವು ಇದನ್ನ ಜೋಡಿಸಬೇಡಿ, ಹಾಗೇ ಇರಲಿ. ನನಗೆ ಯೋಚನೆ ಮಾಡೋಕೆ ಏನಾದ್ರೂ ಬೇಕು."

ಮಾರನೇ ದಿನ ಸ್ಕೂಲು ಬಿಟ್ಟ ಕೂಡಲೇ ಬಂದರು. ಬಸ್ಸಿಳಿದು ಓಡಿಯೇ ಬಂದಿದ್ದರೇನೋ, ಮಾತಿಗಿಂತ ಮೊದಲು ಏದುಸಿರು ಒಳಗೆ ಬಂತು. ಬ್ಯಾಗಿನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ಬೆಂಚಿನ ಮೇಲಿಟ್ಟರು. "ಸೈನ್ಸ್ ಟೀಚರ್ ಹತ್ರ ಸೈನ್ ಮಾಡಿ ತಂದಿದೀನಿ. ಒಡೆದ್ರೆ ನನ್ನ ಮಾನ ಹೋಗುತ್ತೆ."

"ದಿಕ್ಕು ನೋಡೋದು ಯಾಕೆ ಮೇಡಂ, ಸ್ಕೂಲಿನ ದಾರಿ ತಪ್ಪಿತಾ?"

"ಇವತ್ತು ಏಳನೇ ಕ್ಲಾಸಿಗೆ ಮೈನಸ್ ಲೆಕ್ಕ ಮಾಡ್ತಿದ್ದೆ. ಬೋರ್ಡ್ ಮೇಲೆ ಬರೀತಾ ಬರೀತಾ ಕೈ ಅಲ್ಲೇ ನಿಂತುಬಿಡ್ತು. ನೀವು ಹೇಳಿ, ಕೆಟ್ಟು ನಿಂತ ವ್ಯಾನನ್ನ ಆರು ಜನ ತಳ್ತಿದ್ದಾರೆ. ಅದರಲ್ಲಿ ಒಬ್ಬ ಗೊತ್ತಿಲ್ಲದೆ ಮುಂದೆ ನಿಂತು ಹಿಂದಕ್ಕೆ ತಳ್ತಿದ್ದಾನೆ. ವ್ಯಾನಿಗೆ ಎಷ್ಟು ಜನರ ಬಲ ಸಿಗುತ್ತೆ?"

"ಐದು."

"ಐದು ಜನ ಈ ಕಡೆ. ಒಬ್ಬ ಆ ಕಡೆ. ಅವನು ಒಬ್ಬನ ಬಲವನ್ನ ತಿಂದುಹಾಕ್ತಾನೆ."

"ನಾಲ್ಕು," ಎಂದ ಮೆಕ್ಯಾನಿಕ್. ಒರೆಸುತ್ತಿದ್ದ ಸ್ಪ್ಯಾನರ್ ಅವನ ಕೈಯಲ್ಲೇ ನಿಂತಿತು. ಒಂದು ಹಲ್ಲಿಗೆ ತಂತಿಯನ್ನು ಒಂದು ಕಡೆಗೆ ಸುತ್ತಿದರೆ ಮುಂದಿನದಕ್ಕೆ ಅದರ ಎದುರು ಕಡೆಗೆ ಸುತ್ತಬೇಕು, ಒಂದು ಬಿಟ್ಟು ಒಂದು. ಇದು ವೈಂಡಿಂಗ್ ಮಾಡುವವರ ಮೊದಲ ಪಾಠ. ಒಂದೇ ಒಂದು ಹಲ್ಲು ಉಲ್ಟಾ ಆದರೆ ತಂತಿ ತುಂಡಾಗುವುದಿಲ್ಲ, ಅಳತೆ ಬದಲಾಗುವುದಿಲ್ಲ. ಮೀಟರಿನ ಕಣ್ಣಿಗೆ ಎಲ್ಲ ಸರಿ. ಆದರೆ ಅದು ಉಳಿದ ಐದರ ವಿರುದ್ಧ ತಳ್ಳುತ್ತಿರುತ್ತದೆ.

"ಭಾವ ಹಾಗೆ ಮಾಡೋದು ಸಾಧ್ಯನೇ ಇಲ್ಲ," ಎಂದ. ಹೇಳುವಾಗಲೇ ಅವನ ಕಣ್ಣು ಟಾರ್ಚಿನ ಸೆಲ್ ಹುಡುಕುತ್ತಿತ್ತು.

ಸೆಲ್ಲಿನ ಎರಡು ತುದಿಗೆ ಕಾಯಿಲಿನ ಎರಡು ತುದಿ ಮುಟ್ಟಿಸಿ ಅವನು ಹಿಡಿದ. ಟೀಚರ್ ದಿಕ್ಸೂಚಿಯನ್ನು ಮೊದಲ ಹಲ್ಲಿನ ಎದುರು ತಂದರು. ತೀರಾ ಹತ್ತಿರ ಹೋದರೆ ಮುಳ್ಳು ಬರೀ ಕಬ್ಬಿಣಕ್ಕೇ ಅಂಟುತ್ತಿತ್ತು, ಅದಕ್ಕೆ ಎರಡು ಬೆರಳು ದೂರ ಇಟ್ಟರು. ಮುಳ್ಳು ಗರಕ್ಕನೆ ತಿರುಗಿ ಕೆಂಪು ತುದಿ ತೋರಿಸಿತು. ಎರಡನೆಯದಕ್ಕೆ ಬಿಳಿ. ಮೂರಕ್ಕೆ ಕೆಂಪು. ನಾಲ್ಕಕ್ಕೆ ಬಿಳಿ. ಐದಕ್ಕೆ ಕೆಂಪು.

ಆರಕ್ಕೂ ಕೆಂಪು.

ಟೀಚರ್ ಉಗುರಿನಿಂದ ಗಾಜಿಗೆ ತಟ್ಟಿದರು. ಮುಳ್ಳು ನಡುಗಿ, ಮತ್ತೆ ಅಲ್ಲಿಗೇ ಬಂದು ನಿಂತಿತು. ಅವರ ಮುಖ ಅರಳಿತು. ಆದರೆ ಮೆಕ್ಯಾನಿಕ್‌ನ ಮುಖ ನೋಡಿ ಖುಷಿಯನ್ನು ಅರ್ಧಕ್ಕೇ ತಡೆದುಕೊಂಡರು.

ಅವನು ಬ್ಲೇಡಿನಿಂದ ದಾರ ಕತ್ತರಿಸಿ ವಾರ್ನಿಷ್ ಕೆರೆದ. ಐದು ಹಲ್ಲುಗಳ ಮೇಲೆ ತಂತಿ ಬಿಗಿಯಾಗಿಯೇ ಇತ್ತು. ಆದರೆ ಅಲ್ಲಲ್ಲಿ ಒಂದು ಸುತ್ತು ಇನ್ನೊಂದರ ಹೆಗಲೇರಿತ್ತು, ನಾಲ್ಕು ಮತ್ತು ಐದನೆಯದರಲ್ಲಂತೂ ಹೆಚ್ಚೇ. ಆರನೆಯದರಲ್ಲಿ ಸುತ್ತಿನ ಪಕ್ಕ ಸುತ್ತು ಅಚ್ಚಿಗೆ ಹಾಕಿದಂತೆ ಕೂತಿತ್ತು.

"ಅಯ್ಯೋ, ತಪ್ಪಾಗಿರೋದೇ ಎಲ್ಲಕ್ಕಿಂತ ಚೆನ್ನಾಗಿದೆಯಲ್ರೀ!"

"ಹೌದು," ಎಂದ ಮೆಕ್ಯಾನಿಕ್. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕಾಯಿಲನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡ. "ನೀವು ಮನೆಗೆ ಹೋಗಿ ಮೇಡಂ. ನಾನು ಭಾವನ್ನ ಕೇಳ್ಕೊಂಡು ಬರ್ತೀನಿ."

"ಉತ್ತರ ಸಿಕ್ಕಿದೆ, ಹೇಗೆ ಬಂತು ಅಂತ ನೋಡಬೇಡ್ವಾ? ನಡೀರಿ."

ಭಾವ ಅಂಗಡಿಯ ಮುಂಭಾಗದ ಮೇಜಿನ ಹಿಂದೆ ಕೂತಿದ್ದರು. ಮಡಿಲಲ್ಲಿ ದಿನಪತ್ರಿಕೆ, ಅದರ ಅಡಿಯಲ್ಲಿ ಬಲಗೈ. ಹಿಂದೆ ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ವೈಂಡಿಂಗ್ ಮಿಷನ್ನಿನ ಕರಕರ ಸದ್ದು ಬರುತ್ತಿದ್ದದ್ದು ಇವರ ಹೆಜ್ಜೆ ಕೇಳಿದೊಡನೆ ನಿಂತಿತು.

"ಏನಯ್ಯಾ ಭಾಮೈದ, ಅಕ್ಕನ ಮನೆ ದಾರಿ ಇನ್ನೂ ನೆನಪಿದೆಯಾ? ಜೊತೆಗೆ ಸಾಕ್ಷಿ ಬೇರೆ ಕರ್ಕೊಂಡು ಬಂದಿದೀಯ?"

"ಇವರು ಲೆಕ್ಕದ ಟೀಚರು ಭಾವ. ಬೈಕು ಇವರದ್ದು." ಮೆಕ್ಯಾನಿಕ್ ಬಟ್ಟೆ ಬಿಚ್ಚಿ ಕಾಯಿಲ್ ಮೇಜಿನ ಮೇಲಿಟ್ಟ.

ಟೀಚರೇ ಮುಂದಾದರು. ಕ್ಲಾಸಿನಲ್ಲಿ ಮಾಡುವಂತೆ ಸೆಲ್ ಹಿಡಿಸಿ, ದಿಕ್ಸೂಚಿಯನ್ನು ಒಂದೊಂದೇ ಹಲ್ಲಿನ ಎದುರು ತಂದು ತೋರಿಸಿದರು. ಭಾವ ಕಾಯಿಲನ್ನು ಕೈಗೆತ್ತಿಕೊಳ್ಳಲಿಲ್ಲ. ಮೇಜಿನ ಮೇಲೆ ಬಾಗಿ, ಕನ್ನಡಕ ಹಣೆಗೇರಿಸಿ ನೋಡಿದರು. ಮುಳ್ಳು ಆರನೇ ಹಲ್ಲಿಗೂ ಕೆಂಪು ತೋರಿಸಿದಾಗ ಅವರ ಉಸಿರು ಗಾಜಿನ ಮೇಲೆ ಮಂಜಾಗಿ ಕೂತಿತು.

"ಐದು ನಂದು," ಎಂದರು ಕೊನೆಗೆ.

"ಆರನೇದು ನಂದು."

ಅಕ್ಕ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಎಡಗೈಯ ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು, ತಂತಿ ಎಳೆಯುವವರು ಚರ್ಮ ಕುಯ್ಯದಿರಲಿ ಎಂದು ಸುತ್ತಿಕೊಳ್ಳುವ ಹಾಗೆ.

ಮೆಕ್ಯಾನಿಕ್‌ಗೆ ಆಶ್ಚರ್ಯವಾಗಲಿಲ್ಲ ಎಂದರೆ ಸುಳ್ಳು. ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳೇ. ಆ ಅಚ್ಚುಕಟ್ಟನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ತನ್ನ ಹರಿದ ಅಂಗಿಯ ಹೊಲಿಗೆಯಲ್ಲಿ, ನೋಟ್‌ಬುಕ್ಕಿಗೆ ಹಾಕಿದ ರಟ್ಟಿನಲ್ಲಿ. 'ಎಡಚಿ' ಎಂದು ಬೈಸಿಕೊಂಡೇ ಬೆಳೆದ ಹುಡುಗಿ; ಯಾರೂ ನೋಡದಿರುವಾಗ ಎಡಗೈಯಲ್ಲಿ, ನೋಡುವಾಗ ಬಲಗೈಯಲ್ಲಿ ಬರೆಯುತ್ತಿದ್ದಳು.

ಭಾವ ಪತ್ರಿಕೆ ಪಕ್ಕಕ್ಕಿಟ್ಟು ಬಲಗೈಯನ್ನು ಮೇಜಿನ ಮೇಲೆ ಇಟ್ಟರು. ಅದು ಮರದ ಮೇಲೆ ತಾನೇ ತಾನಾಗಿ ಸಣ್ಣಗೆ ಕುಣಿಯುತ್ತಿತ್ತು.

"ಎರಡು ವರ್ಷ ಆಯ್ತು," ಎಂದರು. "ಡಾಕ್ಟರು ಮಾತ್ರೆ ಕೊಟ್ಟಿದಾರೆ. ಮಾತ್ರೆ ತಗೊಂಡ್ರೆ ನನಗೆ ನಿದ್ದೆ ಬರುತ್ತೆ, ಕೈಗೆ ಬರಲ್ಲ. ನೀನು ಈ ಕಾಯಿಲ್ ತಂದಾಗ, ಭಾಮೈದನ ಕೆಲಸ, ನಾನೇ ಸುತ್ತಬೇಕು ಅಂತ ಹಟ ಬಂತು. ಎರಡು ದಿನ ಕೂತೆ. ಐದು ಮುಗಿಸೋ ಹೊತ್ತಿಗೆ ಕೈ ಸೋತುಹೋಯ್ತು. ಆರನೇದನ್ನ ಇವಳಿಗೆ ಕೊಟ್ಟೆ. ಇದನ್ನ ಮೈ ಕಡೆಗೆ ಸುತ್ತು ಅಂದೆ."

"ಮೈ ಕಡೆಗೇ ಸುತ್ತಿದ್ದು ನಾನು," ಎಂದಳು ಅಕ್ಕ.

ಟೀಚರ್ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಒಂದು ನಿಮಿಷ. ಇಬ್ಬರೂ ಮಾಡಿ ತೋರಿಸಿ. ಗಾಳಿಯಲ್ಲೇ."

ಭಾವ ಎಡಗೈಯಲ್ಲಿ ಕಾಯಿಲ್ ಹಿಡಿದಂತೆ ಮಾಡಿ ಬಲಗೈಯನ್ನು ಮೇಲಿನಿಂದ ತನ್ನ ಎದೆಯ ಕಡೆಗೆ ತಿರುಗಿಸಿದರು. ಅಕ್ಕ ಬಲಗೈಯಲ್ಲಿ ಹಿಡಿದಂತೆ ಮಾಡಿ ಎಡಗೈಯನ್ನು ಮೇಲಿನಿಂದ ತನ್ನ ಎದೆಯ ಕಡೆಗೆ ತಿರುಗಿಸಿದಳು. ಮೆಕ್ಯಾನಿಕ್ ನೋಡುತ್ತ ನಿಂತ. ಕನ್ನಡಿಯ ಮುಂದೆ ಒಬ್ಬರು ತಲೆ ಬಾಚಿಕೊಂಡಂತಿತ್ತು. ಇಬ್ಬರ ಕೈಯೂ ಮೈ ಕಡೆಗೇ ಬರುತ್ತಿತ್ತು, ಆದರೆ ಹಲ್ಲಿನ ತುದಿಯಿಂದ ನೋಡಿದರೆ ಒಂದು ಗಡಿಯಾರದ ದಿಕ್ಕಿಗೆ, ಇನ್ನೊಂದು ಅದರ ವಿರುದ್ಧಕ್ಕೆ.

"ಅಬ್ಬಾ!" ಎಂದು ಟೀಚರ್ ಚಪ್ಪಾಳೆ ತಟ್ಟಿಬಿಟ್ಟರು. "ಇಬ್ಬರದ್ದೂ ಸರಿ ರೀ! ಸೇರಿಸಿದ್ದಕ್ಕೆ ತಪ್ಪಾಯ್ತು!"

ಭಾವನ ತುಟಿಯಲ್ಲಿ ನಗು ಹುಟ್ಟಿತು. "ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು ಟೀಚರೇ. ನೀವು ಮೊದಲೇ ಬರಬೇಕಿತ್ತು."

"ನನಗೂ ಹೇಳಲಿಲ್ವಲ್ಲ ಅಕ್ಕಾ," ಎಂದ ಮೆಕ್ಯಾನಿಕ್.

"ನಿನಗಾ? ನಿನ್ನ ಶೆಡ್ಡಿನಲ್ಲಿ ಬೆಳಗ್ಗೆ ಆಡಿದ ಮಾತು ಮಧ್ಯಾಹ್ನದ ಬಸ್ಸು ಹತ್ತಿರುತ್ತೆ."

"ಹಾಗಾದ್ರೆ," ಟೀಚರ್ ಇನ್ನೂ ತಮ್ಮ ಲೆಕ್ಕದಲ್ಲೇ ಇದ್ದರು, "ಈ ಎರಡು ವರ್ಷದಲ್ಲಿ ವಾಟರ್ ವರ್ಕ್ಸಿನ ಪಂಪುಗಳನ್ನ ಸುತ್ತಿದ್ದು ಯಾರು?"

ಭಾವ ಬೀದಿಯ ಕಡೆ ನೋಡಿದರು. ಕೇಳಬಾರದ್ದನ್ನು ಕೇಳಿದೆ ಎಂದು ಟೀಚರಿಗೆ ಆಗ ಹೊಳೆಯಿತು.

ಅಕ್ಕ ನೇರವಾಗಿ ಅವರನ್ನೇ ನೋಡಿದಳು. "ನಿಮ್ಮ ಮನೆ ನಲ್ಲಿಯಲ್ಲಿ ನೀರು ಬರೋದು ನಿಂತಿತ್ತಾ?"

"ಇಲ್ಲ."

"ಮತ್ತೆ?"

ಪಂಪಿನ ಕೆಲಸವನ್ನು ಅವಳು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಮಾಡುತ್ತಿದ್ದಳು. ಎಲ್ಲ ಸುತ್ತೂ ಒಂದೇ ಕೈಯದ್ದು, ಹಾಗಾಗಿ ಎಲ್ಲೂ ತಾಳ ತಪ್ಪಿರಲಿಲ್ಲ. ಹನ್ನೊಂದು ಪಂಪು. ಎರಡು ಕೈ ಸೇರಿದ್ದು ಈ ಅಂಗೈಯಗಲದ ಕಬ್ಬಿಣದ ಮೇಲೆ ಮಾತ್ರ.

ಭಾವ ಕಾಯಿಲನ್ನು ಬೆರಳಿನಿಂದ ತಳ್ಳಿದರು. "ಆರನೇದನ್ನ ಬಿಚ್ಚಿ ಮತ್ತೆ ಸುತ್ತಬೇಕು."

"ಯಾಕೆ ಬಿಚ್ಚಬೇಕು?" ಎಂದಳು ಅಕ್ಕ. "ಅದರ ಎರಡು ತುದಿ ಕತ್ತರಿಸಿ ಅದಲುಬದಲು ಬೆಸುಗೆ ಹಾಕಿದ್ರೆ ಸಾಕು. ಈ ಕಡೆಯಿಂದ ಹೋಗ್ತಿದ್ದ ಕರೆಂಟು ಆ ಕಡೆಯಿಂದ ಹೋಗುತ್ತೆ. ಸುತ್ತಿದ್ದು ಹಾಗೇ ಇರುತ್ತೆ."

ಭಾವ ಒಂದು ಕ್ಷಣ ಯೋಚಿಸಿ, "ಹೌದಲ್ವಾ," ಎಂದರು. ಅವರೇ ಮೇಜಿನ ಖಾನೆಯಿಂದ ಕಟ್ಟರ್ ತೆಗೆದು ಮೆಕ್ಯಾನಿಕ್‌ಗೆ ಕೊಟ್ಟರು. ಅವನು ಎರಡು ಕಡೆ ತಂತಿ ಕತ್ತರಿಸಿ, ತುದಿಗಳ ವಾರ್ನಿಷ್ ಕೆರೆದು ಅದಲುಬದಲು ಹೆಣೆದಿಟ್ಟ. ಬೆಸುಗೆ ಕಡ್ಡಿ ಕಾಯಲು ಇಟ್ಟಿದ್ದೇ ತಡ, ಹೊರಗೆ ಜೀಪು ನಿಂತ ಸದ್ದಾಯಿತು.

ವಾಟರ್ ವರ್ಕ್ಸಿನ ಫಿಟ್ಟರ್. ಹೆಗಲಿಗೆ ಟೂಲ್ ಚೀಲ, ಮಂಡಿಯವರೆಗೆ ಕೆಸರು. ಅಕ್ಕ ಬೆರಳಿನ ಪಟ್ಟಿ ಬಿಚ್ಚುತ್ತ ಸದ್ದಿಲ್ಲದೆ ಒಳಗೆ ಸರಿದಳು. ಎಷ್ಟು ಸಲ ಹಾಗೆ ಸರಿದು ಅಭ್ಯಾಸವಾಗಿತ್ತೋ, ಬಾಗಿಲು ಒಂಚೂರೂ ಕಿರುಗುಟ್ಟಲಿಲ್ಲ.

"ಯಜಮಾನ್ರೇ, ದೊಡ್ಡ ಪಂಪು ಸುಟ್ಟಿದೆ. ಇನ್ನು ಅರ್ಧ ಗಂಟೆಯಲ್ಲಿ ತಂದು ಇಳಿಸ್ತಾರೆ. ಎಂಜಿನಿಯರ್ ಸಾಹೇಬ್ರು ನನ್ನ ಕಳಿಸಿದಾರೆ, ಎಷ್ಟು ದಿನ ಬೇಕು, ಯಾರು ಮಾಡ್ತಾರೆ, ಎಲ್ಲ ಕಣ್ಣಾರೆ ನೋಡ್ಕೊಂಡು ಬಾ ಅಂತ." ಅವನು ಸ್ಟೂಲು ಎಳೆದುಕೊಂಡು ಮೇಜಿನ ಎದುರೇ ಕೂತ. "ಏನದು, ಬೈಕಿಂದಾ? ಮಾಡಿ ಮಾಡಿ, ನನಗೇನು ಅವಸರ ಇಲ್ಲ."

ಭಾವ ಬೆಸುಗೆ ಕಡ್ಡಿ ಎತ್ತಿಕೊಂಡರು. ಕಡ್ಡಿಯ ಮೊನೆ ಕಾಯಿಲಿನ ಹತ್ತಿರ ಬಂದು, ತಂತಿ ಬಿಟ್ಟು ಆಚೆ ಹೋಗಿ, ಮತ್ತೆ ಬಂತು. ಕರಗಿದ ಸೀಸದ ಹನಿಯೊಂದು ಪತ್ರಿಕೆಯ ಮೇಲೆ ಬಿದ್ದು, ದುಂಡಗೆ ಸುಟ್ಟ ಕಲೆಯಾಯಿತು. ಫಿಟ್ಟರ್ ಆ ಕಲೆ ನೋಡಿದ. ಆಮೇಲೆ ಕೈ ನೋಡಿದ.

"ಕೊಡಿ ಭಾವ, ನನ್ನ ಗಿರಾಕಿಯದ್ದು, ನಾನೇ ಹಾಕ್ತೀನಿ," ಎಂದು ಮೆಕ್ಯಾನಿಕ್ ಕೈ ಚಾಚಿದ. ಸ್ವಲ್ಪ ಹೆಚ್ಚೇ ಜೋರಾಗಿ ಹೇಳಿದ.

ಭಾವ ಅವನ ಚಾಚಿದ ಕೈಯನ್ನು ನೋಡಿದರು. ಕೊಟ್ಟುಬಿಟ್ಟರೆ ಮುಗಿಯುತ್ತಿತ್ತು. ಈವತ್ತಿನ ಮಟ್ಟಿಗೆ. ಅವರು ಕಡ್ಡಿಯನ್ನು ಅದರ ಸ್ಟ್ಯಾಂಡಿನ ಮೇಲೆ ವಾಪಸ್ಸು ಇಟ್ಟರು. ಕುರ್ಚಿಯಿಂದ ಎದ್ದರು.

"ಬಾರೇ," ಎಂದು ಒಳಗೆ ಕರೆದರು. "ನೀನು ಹಾಕು. ಇಲ್ಲೇ ಕೂತ್ಕೋ."

ಬಾಗಿಲ ಸಂದಿಯಲ್ಲಿ ಅಕ್ಕನ ಸೆರಗು ಕಂಡಿತು.

"ಇವರು ಕಣ್ಣಾರೆ ನೋಡ್ಬೇಕಂತೆ. ಬಾ."

ಅಕ್ಕ ಬಂದಳು. ಫಿಟ್ಟರನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ಎಡಗೈಗೆ ಕಡ್ಡಿ ತೆಗೆದುಕೊಂಡಳು. ಮೊದಲ ಜಾಯಿಂಟಿಗೆ ಮೊನೆ ಮುಟ್ಟಿತು, ಸೀಸ ಕರಗಿ ತಾಮ್ರದೊಳಕ್ಕೆ ಇಳಿಯಿತು, ಮೊನೆ ಮೇಲೆದ್ದಿತು. ಎರಡನೆಯದಕ್ಕೂ ಅಷ್ಟೇ ಹೊತ್ತು. ಟೀಚರ್ ಯಾರೂ ಹೇಳದೆಯೇ ದಿಕ್ಸೂಚಿ ತಂದರು, ಮೆಕ್ಯಾನಿಕ್ ಸೆಲ್ ಹಿಡಿದ. ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು, ಬಿಳಿ.

"ಮೂವತ್ತು ಬರುತ್ತೆ," ಎಂದು ಟೀಚರ್ ಪಿಸುಗುಟ್ಟಿದರು.

ಫಿಟ್ಟರ್ ಮೇಜಿನ ಮೇಲೆ ಮೊಣಕೈ ಊರಿ, ಆರನೇ ಹಲ್ಲಿನ ಹತ್ತಿರಕ್ಕೆ ಮುಖ ತಂದು ನೋಡಿದ. ಪಂಪುಗಳ ಒಳಗೆ ಕಂಡಿದ್ದ ಅದೇ ಸಾಲು ಸಾಲು ತಾಮ್ರ. ಹನ್ನೊಂದು ಪಂಪುಗಳನ್ನು ಹೊತ್ತು ತಂದು ಹೊತ್ತು ಒಯ್ದವನು ಅವನು. ಮುಚ್ಚಳ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ನೋಡಿ, ಪಾಸು ಎಂದು ಸಹಿ ಹಾಕಿದವನೂ ಅವನೇ. ಅವನು ತಲೆಯೆತ್ತಿ ಭಾವನನ್ನು ನೋಡಿದ, ಆಮೇಲೆ ಅಕ್ಕನನ್ನು. ಕೆಸರು ಮೆತ್ತಿದ ಪ್ಯಾಂಟನ್ನು ಎರಡು ಸಲ ಕೊಡವಿದ.

"ಅಕ್ಕಾ," ಎಂದ ಫಿಟ್ಟರ್, "ದೊಡ್ಡ ಪಂಪಿಗೆ ತಂತಿ ಎಷ್ಟು ಕೆಜಿ ಹಿಡಿಯುತ್ತೆ?"

ಉತ್ತರ ಕೊಡಲು ಭಾವ ಬಾಯಿ ತೆರೆದಿದ್ದರು. ಹಾಗೇ ಮುಚ್ಚಿಕೊಂಡರು.

"ಹದಿನಾಲ್ಕು," ಎಂದಳು ಅಕ್ಕ, ತಲೆಯೆತ್ತದೆ. "ಹಳೇ ತಂತಿ ಬಿಚ್ಚಿ ನೋಡಿದ ಮೇಲೆ ಸರಿಯಾಗಿ ಹೇಳ್ತೀನಿ. ನಾಲ್ಕು ದಿನ ಬೇಕು."

ಫಿಟ್ಟರ್ ಕಿವಿಯ ಮೇಲಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ.

ಅಕ್ಕ ದಾರದ ಉಂಡೆ ತೆಗೆದು ಆರನೇ ಹಲ್ಲಿಗೆ ಕಟ್ಟು ಹಾಕತೊಡಗಿದಳು. ಭಾವನ ಬಲಗೈಗೆ ಅನುಕೂಲವಾಗಲೆಂದು ಮೇಜಿನ ಎಡ ಅಂಚಿಗೆ ಒಂದು ದೀಪವನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಅದರ ಬೆಳಕಿಗೆ ಅಕ್ಕನ ಎಡಗೈಯ ನೆರಳು ಕೆಲಸದ ಮೇಲೆಯೇ ಬೀಳುತ್ತಿತ್ತು. ಅವಳು ಕತ್ತು ವಾರೆ ಮಾಡಿ, ನೆರಳಿನ ಸಂದಿಯಿಂದ ನೋಡುತ್ತಿದ್ದಳು. ಭಾವ ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತರು. ಆಮೇಲೆ ಬಾಗಿ, ಮೇಜಿನ ಅಡಿಯಲ್ಲಿದ್ದ ಸ್ಕ್ರೂವನ್ನು ತಡವಿ ಹುಡುಕಿ, ನಡುಗುವ ಬೆರಳುಗಳಲ್ಲಿ ಒಂದೊಂದೇ ಸುತ್ತು ಬಿಚ್ಚಿದರು. ತುಕ್ಕು ಹಿಡಿದಿತ್ತು, ಹೊತ್ತು ಹಿಡಿಯಿತು. ಮೆಕ್ಯಾನಿಕ್ ಮುಂದೆ ಹೆಜ್ಜೆ ಇಟ್ಟವನು ಹಿಂದಕ್ಕೆ ತೆಗೆದುಕೊಂಡ. ದೀಪವನ್ನು ಎರಡೂ ಕೈಯಲ್ಲಿ ಹಿಡಿದು ಭಾವ ಮೇಜು ಬಳಸಿಕೊಂಡು ಬಂದು, ಬಲ ಅಂಚಿನಲ್ಲಿ ಇಟ್ಟು ಬಿಗಿಯತೊಡಗಿದರು. ನೆರಳು ತಾಮ್ರದ ಮೇಲಿಂದ ಜಾರಿ, ಮೇಜು ದಾಟಿ, ಆಚೆ ಬದಿಯ ಗೋಡೆಗೆ ಹೋಗಿ ನಿಂತಿತು.